ಚಿಗವ್ವನ ತಪ್ಪಲದ ಪುಸ್ತಕ ಅಲ್ಲಿ ಇಲ್ಲ ಅಂದೆ

ಒಂದು ಸುಳ್ಳು ಹೇಳಿದೆ — "ಆ ಪುಸ್ತಕ ಅಲ್ಲಿ ಇಲ್ಲ" ಅಂತ. ಅದಕ್ಕೆ ನನಗೆ ಬಿದ್ದ ಖರ್ಚು ಹೈದರಾಬಾದಿಗೆ ದಂಡವಾದ ಮೂರು ಸಲದ ಬಸ್ ಚಾರ್ಜು, ಗ್ರಂಥಾಲಯದ ಒಂದು ದಿನದ ಪಾಸು, ಕೈತಪ್ಪಿದ ಎರಡು ಸಂತೆ. ಅಷ್ಟೇ. ನನ್ನ ಚಿಗವ್ವ ಕಾಶವ್ವನಿಗೆ ಬಿದ್ದದ್ದು ಅರವತ್ತೆರಡು ತಪ್ಪಲದ, ಅಂದರೆ ಸೊಪ್ಪಿನ, ಹೆಸರು. ಹೇಳಿದವನು ನಾನು, ತೆತ್ತವಳು ಅವಳು. ಯಾಕೆ ಹೇಳಿದೆ? ಸೋತು ಬಂದೆ ಅಂತ ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ — ಬೇರೆ ಕಾರಣ ಹುಡುಕಿದರೂ ಸಿಗುವುದಿಲ್ಲ.

ನಮ್ಮದು ನಾಗಲಗಿದ್ದದ ಹತ್ತಿರ, ಈಗಿನ ತೆಲಂಗಾಣದ ಗಡಿಯಲ್ಲಿ, ಕನ್ನಡ ಮಾತಾಡುವ ಒಂದು ಹಳ್ಳಿ. ಚಿಗವ್ವ ಅಂದರೆ ನನ್ನ ತಾಯಿಯ ತಂಗಿ. ಜೋಳದ ಹೊಲದಲ್ಲಿ ಯಾರೂ ಬಿತ್ತದೆ ತಾನಾಗಿ ಬರುವ ಸೊಪ್ಪುಗಳಿವೆಯಲ್ಲ — ಹಕ್ಕರಿಕಿ, ಕಿರಕಸಾಲಿ, ತಗಚಿ — ಯಾವುದು ಯಾವ ಮಳೆಗೆ ಏಳುತ್ತದೆ, ಯಾವುದು ಬಾಣಂತಿಗೆ, ಯಾವುದನ್ನು ಎರಡು ಸಲ ಕುದಿಸಿ ನೀರು ಚೆಲ್ಲಬೇಕು, ಎಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಬಹಳ ವರ್ಷಗಳ ಹಿಂದೆ ಹೈದರಾಬಾದಿನ ವಿಶ್ವವಿದ್ಯಾಲಯದಿಂದ ಒಬ್ಬ ಹುಡುಗಿ ಬಂದು, ನಾಲ್ಕು ದಿನ ಚಿಗವ್ವನ ಮನೆಯಲ್ಲಿ ಉಂಡು, ಎಲ್ಲ ಬರೆದುಕೊಂಡು ಹೋದಳು. ಆಮೇಲೆ ಕಾಗದ ಹಾಕಿದಳು: ಪ್ರಬಂಧ ಮುಗಿಯಿತು, ಗ್ರಂಥಾಲಯದಲ್ಲಿ ಇಟ್ಟಿದ್ದಾರೆ, ಅದರಲ್ಲಿ ನಿಮ್ಮ ಹೆಸರಿದೆ ಅಂತ.

ವಯಸ್ಸಾದ ಮೇಲೆ ಚಿಗವ್ವನಿಗೆ ಹೆಸರುಗಳು ಜಾರತೊಡಗಿದವು. ಊರಿನ ಹೆಂಗಸರ ಸಂಘದಲ್ಲಿ ತಪ್ಪಲದ ಮಾತು ಬಂದಾಗ ಇಪ್ಪತ್ತು ಹೇಳಿ ನಿಂತುಬಿಟ್ಟಳಂತೆ. "ಉಳಿದದ್ದು ಪುಸ್ತಕದಾಗ ಅದ, ನಮ್ಮ ರೇವಪ್ಪ ತರ್ತಾನ" ಅಂದಳಂತೆ. ಮಗಳು ಸುವರ್ಣಕ್ಕ — ಅಂಗನವಾಡಿ ಟೀಚರು — ಆ ಕಾಗದ ತಂದು ನನ್ನ ಕೈಗೆ ಕೊಟ್ಟಳು. ಹೈದರಾಬಾದು ಕಂಡವನು, ಮಾತಿನಲ್ಲಿ ಯಾರಿಗೂ ಸೋಲದವನು ನಾನೇ ಅಲ್ಲವೇ.

ತೆಲಂಗಾಣದ ಹೋರಾಟ ಕಾವೇರಿದ್ದ ದಿನಗಳು. ಮೊದಲ ಸಲ ಹೋದಾಗ ಹೋರಾಟಗಾರರು ಹೆದ್ದಾರಿಯ ಮೇಲೇ ಒಲೆ ಹೂಡಿ ಅಡಿಗೆ ಮಾಡುತ್ತಿದ್ದರು. ಬಸ್ಸು ಅಲ್ಲೇ ನಿಂತಿತು. ನಮಗೂ ಬಡಿಸಿದರು, ಉಂಡೆ, ನಾನೂ ಜೈ ಅಂದೆ, ತಿರುಗಿ ಬಂದೆ. ಎರಡನೆಯ ಸಲ ವಿಶ್ವವಿದ್ಯಾಲಯದ ಗೇಟಿಗೇ ಬೀಗ — ಈಚೆ ಪೊಲೀಸರು, ಆಚೆ ವಿದ್ಯಾರ್ಥಿಗಳು, ನಡುವೆ ಕೈಚೀಲ ಹಿಡಿದ ನಾನು. ಮೂರನೆಯ ಸಲ ಒಳಗೆ ಬಿಟ್ಟರು. ಹೊರಗಿನವರು ಅರ್ಜಿ ಬರೆಯಬೇಕು ಅಂದರು, ಬರೆದೆ. ಫೋಟೋ ಬೇಕು ಅಂದರು. ರಸ್ತೆಗೆ ಹೋಗಿ ತೆಗೆಸಿಕೊಂಡು ಬರುವಷ್ಟರಲ್ಲಿ ಊಟದ ಬಿಡುವು. ತಲೆ ಕಾದ ಹಂಚಾಗಿತ್ತು.

ಕೊನೆಗೆ ಕೌಂಟರಿನ ಮೇಡಂ ನನ್ನ ಚೀಟಿ ನೋಡಿ ತೆಲುಗಿನಲ್ಲಿ ಕೇಳಿದರು, "ಇದು ಒಳಗಿನ ಕೋಣೆಯಲ್ಲಿದೆ, ತೆಗೆಸಬೇಕು. ನಿಮಗೆ ಇದು ಯಾತಕ್ಕೆ?"

ಇಲ್ಲಿ ನನ್ನ ಕಸುಬಿನ ಮಾತು ಹೇಳಬೇಕು. ಜಹೀರಾಬಾದಿನ ದನದ ಸಂತೆಯಲ್ಲಿ ನಾನು ಬರಿಗೈಯಿಂದ ಮೇಲೆ ಬಂದವನು. ಅಲ್ಲಿ ಎತ್ತು ಬೇಕು ಅಂತ ಮುಖದಲ್ಲಿ ತೋರಿಸಿದೆಯೋ, ಕೆಟ್ಟೆ. ಬೇಕಾದ ಎತ್ತನ್ನು ಬಿಟ್ಟು ಪಕ್ಕದ ಎತ್ತಿನ ಹಲ್ಲು ನೋಡಬೇಕು. "ಬ್ಯಾಡ ಬಿಡ್ರಿ" ಅಂತ ಟವೆಲು ಝಾಡಿಸಿ ಹತ್ತು ಹೆಜ್ಜೆ ನಡೆಯಬೇಕು. ಹಿಂದಿನಿಂದ ಕರೆದೇ ಕರೆಯುತ್ತಾರೆ.

ನಾನು ಅಂದೆ, "ಏನಿಲ್ಲ ಮೇಡಂ. ಸುಮ್ಮನೆ, ಹೀಗೇ ನೋಡೋಣ ಅಂತ."

"ಸುಮ್ಮನೆ ನೋಡೋದಕ್ಕೆ ತೆಗೆಸೋದಿಲ್ಲ. ಕೆಲಸ ಇದ್ದವರಿಗೆ ಮಾತ್ರ."

"ಹಂಗಾದ್ರ ಬ್ಯಾಡ ಬಿಡ್ರಿ" ಅಂದೆ — ಕನ್ನಡದಲ್ಲೇ. ಟವೆಲು ಝಾಡಿಸಿ ನಡೆದೆ. ಹತ್ತು ಹೆಜ್ಜೆ. ಮೆಟ್ಟಿಲು ಬಂತು, ನಿಂತೆ, ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡೆ. ಯಾರೂ ಕರೆಯಲಿಲ್ಲ. ತಿರುಗಿ ನೋಡಿದರೆ ಆಕೆ ಇನ್ಯಾರದೋ ಪುಸ್ತಕಕ್ಕೆ ಠಸ್ಸೆ ಒತ್ತುತ್ತಿದ್ದರು. ವಾಪಸು ಹೋಗಿ "ಅದರಲ್ಲಿ ನನ್ನ ಚಿಗವ್ವನ ಹೆಸರಿದೆ, ಆಕೆ ಮರೆಯುತ್ತಿದ್ದಾಳೆ" ಅನ್ನಬಹುದಿತ್ತು. ಹತ್ತೇ ಹೆಜ್ಜೆ. ಆದರೆ ಬೇಡ ಅಂದವನು ತಾನಾಗಿ ತಿರುಗಿದರೆ ಸಂತೆಯಲ್ಲಿ ಅವನ ಬೆಲೆ — ಅದು ಸಂತೆಯಲ್ಲ ಅಂತ ನನಗೆ ಹೊಳೆಯಲೇ ಇಲ್ಲ.

ಊರಿಗೆ ಬಂದಾಗ ಚಿಗವ್ವ ಕಟ್ಟೆಯ ಮೇಲೆ ಕೂತಿದ್ದಳು. ಸುವರ್ಣಕ್ಕ ಕೇಳಿದಳು, "ಸಿಕ್ತೇನೋ ರೇವಪ್ಪ?"

"ಅಲ್ಲಿ ಇಲ್ಲಕ್ಕ. ಎಲ್ಲಾ ಹುಡುಕಿಸೀನಿ. ಅಂಥಾದ್ದು ಯಾರೂ ಬರೆದೇ ಇಲ್ಲಂತ."

ಕೊನೆಯ ಮಾತು ಬೇಕಿರಲಿಲ್ಲ. ಸುಳ್ಳಿಗೆ ತೂಕ ಬರಲಿ ಅಂತ ಸೇರಿಸಿದೆ, ಎತ್ತಿನ ವಯಸ್ಸು ಹೇಳುವಾಗ ಸೇರಿಸುವ ಹಾಗೆ.

ಚಿಗವ್ವ ನನ್ನ ಕಡೆ ತಿರುಗಿದಳು. "ಆ ಹುಡುಗಿ ನಮ್ಮನ್ಯಾಗ ಉಂಡು ಹೋಗ್ಯಾಳಲ್ಲೋ..." ಅಂದಳು.

ಸಂಘದ ಹೆಂಗಸರು ಬಿಡಲಿಲ್ಲ. "ಕಾಶವ್ವಾ, ನಿನ್ನ ಪುಸ್ತಕ ಎಮ್ಮಿ ತಿಂತೇನ?" ಅಂತ ನಕ್ಕರು. ಚೇಷ್ಟೆಯೇ, ವಿಷವೇನಲ್ಲ. ಆದರೆ ಅವಳು ಸಂಘಕ್ಕೆ ಹೋಗುವುದನ್ನು ಬಿಟ್ಟಳು. ತಪ್ಪಲದ ಮಾತು ತೆಗೆದರೆ "ನನಗೇನ್ ಗೊತ್ತದ" ಅನ್ನತೊಡಗಿದಳು. ಬರೆದುಕೊಂಡವರೇ ಇಲ್ಲ ಅಂದಮೇಲೆ ಹೇಳಿದ್ದೂ ಇಲ್ಲ ಅಂತ ಆಯಿತೇನೋ — ಅವಳೊಳಗೆ ಏನಾಯಿತು ಅಂತ ನಾನು ಹೇಗೆ ಹೇಳಲಿ?

ಮೂರು ವರ್ಷ. ಹೊಸ ರಾಜ್ಯವೂ ಬಂತು. ಒಂದು ದಿನ ಹೊಲದ ಬದುವಿನಲ್ಲಿ ಚಿಗವ್ವ ಹಕ್ಕರಿಕಿಯನ್ನು ಬೇರುಸಹಿತ ಕಿತ್ತು ಎಮ್ಮೆಯ ಮುಂದೆ ಹಾಕುತ್ತಿದ್ದಳು. "ಚಿಗವ್ವಾ, ಇದು ಹಕ್ಕರಿಕಿ!" ಅಂದೆ. "ಹೌದಾ? ತಿಂತಾರೇನೋ ಇದನ್ನ?" ಅಂದಳು. ಎಳೆಯ ಹಕ್ಕರಿಕಿ, ಹಸಿ ಖಾರ, ರೊಟ್ಟಿ ಕೊಟ್ಟು ನನ್ನನ್ನು ಬೆಳೆಸಿದವಳು.

ಮರುದಿನವೇ ಹೋದೆ. ಅದೇ ಕೌಂಟರು, ಬೇರೆ ಮೇಡಂ. ಈ ಸಲ ಮುಖದಲ್ಲಿದ್ದುದನ್ನು ಮುಚ್ಚಿಡಲಿಲ್ಲ. ಕಾಲು ಗಂಟೆಯಲ್ಲಿ ಪುಸ್ತಕ ಮೇಜಿನ ಮೇಲಿತ್ತು. ತೆಲುಗು ಬರಹ, ತಪ್ಪಲದ ಹೆಸರುಗಳು ಮಾತ್ರ ನಮ್ಮ ಮಾತಿನಲ್ಲೇ. ಅರವತ್ತೆರಡು. ಮೊದಲ ಪುಟದಲ್ಲಿ ಕಾಶವ್ವ ಅಂತ ಹೆಸರು. ಸಂಜೆಯವರೆಗೆ ಕೂತು ಕೈಯಿಂದ ಬರೆದುಕೊಂಡೆ.

ಚಿಗವ್ವನಿಗೆ ಓದಿ ಹೇಳಿದೆ. ಕಿವಿಗೊಟ್ಟು ಕೇಳಿದಳು. ಮುಗಿದ ಮೇಲೆ ಅಂದಳು, "ಯಾರೋ ಭಾಳ ತಿಳದಾಕಿ ಹೇಳ್ಯಾಳ ನೋಡು."

ಪುಸ್ತಕ ಆಮೇಲೆ ಸಿಕ್ಕಿತು ಅಂತಲೇ ಸುವರ್ಣಕ್ಕ ಇವತ್ತಿಗೂ ನಂಬಿದ್ದಾಳೆ. ನನ್ನ ಉಪಕಾರಕ್ಕೆ ಅಂತ ಪ್ರತಿ ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕಳಿಸುತ್ತಾಳೆ. ತಿಂದಿದ್ದೇನೆ. ಈ ಸಂಕ್ರಾಂತಿಗೆ ರೊಟ್ಟಿ ಬರುವ ಮೊದಲು ಈ ಬರಹವನ್ನು ಅವಳ ಕೈಗೆ ನಾನೇ ಕೊಡುತ್ತೇನೆ. ಆಮೇಲೆ ರೊಟ್ಟಿ ಬಂದರೂ ಸರಿ, ಬರದಿದ್ದರೂ ಸರಿ.

ನೀವು ಇಂಥ ದೊಡ್ಡ ಗ್ರಂಥಾಲಯಕ್ಕೆ ಹೊರಗಿನವರಾಗಿ ಹೋಗುವುದಾದರೆ ಗುರುತಿನ ಚೀಟಿ, ಎರಡು ಫೋಟೋ, ಅರ್ಜಿಯ ಕಾಗದ ಊರಿನಿಂದಲೇ ಒಯ್ಯಿರಿ. ಬಂದ್ ಇದೆಯೇ ಅಂತ ಮೊದಲೇ ವಿಚಾರಿಸಿ. ಕೌಂಟರಿನಲ್ಲಿ ಯಾತಕ್ಕೆ ಅಂತ ಕೇಳಿದರೆ ಯಾರಿಗಾಗಿ ಬಂದಿರಿ ಅನ್ನುವುದನ್ನು ಮೊದಲ ಮಾತಿನಲ್ಲೇ ಹೇಳಿ. ಅಲ್ಲಿ ಚೌಕಾಸಿ ನಡೆಯುವುದಿಲ್ಲ. ಇಷ್ಟಾದರೂ ಬರಿಗೈಲಿ ಬಂದರೆ, ಮನೆಯಲ್ಲಿ ಕಾದವರಿಗೆ "ನನ್ನ ಕೈಲಿ ಆಗಲಿಲ್ಲ" ಅನ್ನಿ. ಇನ್ನೊಬ್ಬರು ಹೋಗಿ ತರುತ್ತಾರೆ.