ಗೇಟಿನ ಹೊರಗಿನ ರೇಡಿಯೋ

ಹುಕ್ಕೇರಿಯ ಒಂದು ಕಚೇರಿಯಲ್ಲಿ ಒಂದೂವರೆ ವರ್ಷ ಕೆಲಸ ಮಾಡಿದೆ. ಹಳೆಯ ಜಮೀನು ಕಾಗದಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಸೇರಿಸುವ ಕೆಲಸ. ಒಂದು ಪುಟದ ಫೋಟೋ ಕೂಡ ಹೊರಗೆ ಹೋಗಬಾರದೆಂದು ಫೋನು, ಇಯರ್‌ಫೋನುಗಳನ್ನು ಗೇಟಿನಲ್ಲೇ ಕೊಟ್ಟು ಒಳಗೆ ಬರಬೇಕಿತ್ತು. ಊಟದ ಡಬ್ಬಿಯನ್ನೂ ತೆರೆದು ತೋರಿಸುತ್ತಿದ್ದೆವು.

ಅದಕ್ಕೆ ಮೊದಲು ಗೋಕಾಕದ ಝೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತಿದ್ದೆ. ಅಲ್ಲಿ ದಿನವಿಡೀ ಹಾಡು ಹಚ್ಚಿರುತ್ತಿದ್ದರು. ನಾನು ಅದನ್ನು ಕೇಳುತ್ತಿದ್ದೇನೆ ಎಂಬುದೇ ನನಗೆ ಗೊತ್ತಿರಲಿಲ್ಲ. ಹುಕ್ಕೇರಿಯಲ್ಲಿ ಸ್ಕ್ಯಾನರಿನ ಸದ್ದೊಂದೇ. ಮಧ್ಯಾಹ್ನ ಮೂರರ ಹೊತ್ತಿಗೆ ಒಂದೇ ಪುಟವನ್ನು ಎರಡೆರಡು ಸಲ ಸ್ಕ್ಯಾನ್ ಮಾಡತೊಡಗಿದೆ. ಕಚೇರಿಯ ಸಾಹೇಬರು ಕರೆದರು.

"ರಾತ್ರಿ ನಿದ್ದಿ ಆಗವಲ್ದೇನ್ರಿ?"

"ನಿದ್ದಿ ಆಗತೈತ್ರಿ. ಹಾಡಿಲ್ದ ಕೈ ಓಡವಲ್ದ್ರಿ ಸಾಹೇಬ್ರ."

ನಗುತ್ತಾರೆಂದುಕೊಂಡೆ, ನಗಲಿಲ್ಲ. "ರೇಡಿಯೋ ಅಂದ್ರ ಬರೇ ರೇಡಿಯೋ ಇರಬೇಕು. ಮೆಮರಿ ಚಿಪ್ ಹಾಕೂದು, ಬ್ಲೂಟೂತು ಏನೂ ಇರಬಾರದು. ಅಂಥಾದ್ದು ಸಿಕ್ಕರ ತರ್ರಿ" ಎಂದರು.

ಗೋಕಾಕದ ಅಂಗಡಿಗಳಲ್ಲಿ ಅಂಥದ್ದು ಸಿಗಲಿಲ್ಲ. ನಮ್ಮ ಕೋಣೆಯಲ್ಲಿ ಹರಿದ ಪುಟಗಳನ್ನು ಅಂಟಿಸುವ ಚಾಚಾ ಒಬ್ಬರಿದ್ದರು, ಮೂಡಲಗಿಯವರು, ಮೊದಲು ಬೈಂಡಿಂಗ್ ಕೆಲಸ ಮಾಡಿದವರು. "ನಮ್ಮ ಅಳ್ಯಾನ ರಿಪೇರಿ ದುಕಾನದಾಗ ಒಂದು ಬಿದ್ದೈತಿ ಬೇಟಾ" ಎಂದರು. ಭಾನುವಾರ ಹೋಗಿ ತಂದೆ. ಇಟ್ಟಿಗೆಯಷ್ಟು ದೊಡ್ಡದು, ಒಂದು ತಿರುಪು ಮುರಿದಿತ್ತು. ಗೇಟಿನ ಕಾವಲಿನವರು ಅಂಕಲಗಿಯ ನಿವೃತ್ತ ಸೈನಿಕರು. ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಅವರು ಅದರ ಬೆನ್ನು ಬಿಚ್ಚಿ, ಬ್ಯಾಟರಿ ತೆಗೆದು ನೋಡಿ, ರಜಿಸ್ಟರಿನಲ್ಲಿ ಬರೆದುಕೊಂಡು ಒಳಗೆ ಬಿಟ್ಟರು.

ಕೋಣೆಯ ತುಂಬ ಕಬ್ಬಿಣದ ರ‍್ಯಾಕುಗಳಿದ್ದುದರಿಂದ ಬರೀ ಗೊರಗೊರ ಬಂತು. ಚಾಚಾ ತಾಮ್ರದ ಸಣ್ಣ ತಂತಿಯೊಂದನ್ನು ರೇಡಿಯೋಕ್ಕೆ ಕಟ್ಟಿ ಕಿಟಕಿಯಿಂದ ಒಂದು ಮೊಳ ಹೊರಗೆ ಇಳಿಬಿಟ್ಟರು. ಹಾಡು ಬಂತು. ಹಾಡು, ಆಮೇಲೆ ಬೆಳೆಗೆ ಬೀಳುವ ಹುಳದ ಮಾತು, ಪೇಟೆ ಧಾರಣೆ, ಮತ್ತೆ ಹಾಡು. ಎಲ್ಲವನ್ನೂ ಕೇಳಿದೆವು. ನನ್ನ ತಪ್ಪುಗಳು ಕಡಿಮೆಯಾದವು. ರೇಡಿಯೋದಿಂದಲೇ ಎಂದು ಆಣೆ ಮಾಡಿ ಹೇಳಲಾರೆ.

ಎರಡು ತಿಂಗಳ ಮೇಲೆ ತಪಾಸಣೆಗೆಂದು ಮೇಲಿನ ಅಧಿಕಾರಿಯೊಬ್ಬರು ಬಂದರು. ಕಡತಗಳಿಗಿಂತ ಮೊದಲು ಅವರ ಕಣ್ಣಿಗೆ ಬಿದ್ದದ್ದು ತಂತಿ.

"ಇದೇನಿದು? ಒಳಗಿಂದ ಹೊರಗ ವಾಯರ್ ಹೋಗೈತಲ್ಲ!"

ನಾನು ಎದ್ದು ನಿಂತೆ. ಬಾಯಿ ತೆರೆಯುವ ಮೊದಲೇ ಸಾಹೇಬರು, "ರೇಡಿಯೋದ್ದ್ರೀ ಅದು. ನಾನ ಪರವಾನಿಗಿ ಕೊಟ್ಟೇನಿ" ಎಂದರು. ಇಬ್ಬರೂ ಸಾಹೇಬರ ಕೋಣೆಗೆ ಹೋಗಿ ಅರ್ಧ ಗಂಟೆ ಬಾಗಿಲು ಹಾಕಿಕೊಂಡರು. ಸಾಹೇಬರಿಗೆ ಮೆಮೊ ಬಂದದ್ದು ಆಮೇಲೆ ಚಾಚಾರಿಂದ ತಿಳಿಯಿತು. ಕ್ಷಮೆ ಕೇಳಲು ಹೋದರೆ, "ನಿಮ್ದೇನೂ ತಪ್ಪಿಲ್ಲ. ಹೋಗಿ ಕೆಲಸ ಮಾಡ್ರಿ" ಎಂದಷ್ಟೇ ಹೇಳಿದರು. ಹಲವು ದಿನ ಅವರ ಮುಖ ನೋಡಲು ನಾಚಿಕೆಯಾಗುತ್ತಿತ್ತು. ಅವರು ಮಾತ್ರ ಮೊದಲಿನಂತೆಯೇ ಇದ್ದರು.

ತಪಾಸಣೆಯ ದಿನವೇ ರೇಡಿಯೋ ಗೇಟಿಗೆ ಹೋಯಿತು. ಸಂಜೆ ನಾನು ಊರಿಗೆ ಹೋಗುವ ಕಣಗಲಾದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಹೀಗಾಗಿ ಮನೆಗೆ ಒಯ್ಯುವುದು ಅಂದು ಆಗಲಿಲ್ಲ. ಮರುದಿನ ಹನ್ನೊಂದರ ಸುಮಾರಿಗೆ ಕಿಟಕಿಯಾಚೆಯಿಂದ ಹಾಡು ಕೇಳಿಸಿತು. ಊಟದ ಬಿಡುವಿನಲ್ಲಿ ಹೋಗಿ ನೋಡಿದರೆ, ಗೇಟಿನ ಹೊರಗಿನ ಕಟ್ಟೆಯ ಮೇಲೆ ರೇಡಿಯೋ ಇತ್ತು.

"ನೀವು ಹಚ್ಚೀರೇನ್ರಿ ಕಾಕಾ?"

"ಕೆಟ್ಟೈತೇನು ನೋಡಾಕತ್ತೇನಿ" ಎಂದರು. ಸದ್ದು ಸ್ವಲ್ಪ ಏರಿಸಿ, "ರೂಲು ಗೇಟಿನ ಒಳಗಷ್ಟ ಅದಾವು ನೋಡವಾ."

ಆ ಪರೀಕ್ಷೆ ದಿನಾ ನಡೆಯಿತು. ಸಾಹೇಬರು ಬಂದು ಹೋಗುತ್ತಿದ್ದರು. ಕಿಟಕಿ ಮುಚ್ಚಿರೆಂದು ಒಮ್ಮೆಯೂ ಹೇಳಲಿಲ್ಲ. ರಸ್ತೆಯಲ್ಲಿ ಲಾರಿ ಹೋದಾಗ ಪದಗಳು ಮುಳುಗುತ್ತಿದ್ದವು. ಒಂದು ದಿನ, ಗೋಡೆಯ ಪಕ್ಕ ಕೂರುತ್ತಿದ್ದ ಮಮದಾಪುರದ ಹುಡುಗಿ, ಅಲ್ಲಿಯವರೆಗೆ ಹಾಡಿನ ಮಾತೇ ಎತ್ತದವಳು, ನನ್ನ ಬಳಿ ಬಂದಳು.

"ಅಕ್ಕಾರ, ಕಿಟಕಿ ಬಾಜೂಕ ಒಂದು ವಾರ ನೀವು ಕುಂದರ್ರಿ, ಒಂದು ವಾರ ನಾ ಕುಂದರ್ತೀನಿ."

ಕೆಲಸ ಮುಗಿಯುವವರೆಗೂ ಹಾಗೆಯೇ ಕೂತೆವು. ಗೋಡೆಯ ಪಕ್ಕದ ವಾರಗಳಲ್ಲಿ ನನಗೆ ತಬಲಾ ಮಾತ್ರ ಕೇಳಿಸುತ್ತಿತ್ತು. ಕೈ ಓಡಲು ಅಷ್ಟು ಸಾಕಾಗುತ್ತಿತ್ತು.