ಕೊಟ್ಟಿಗೆ ಎಂದು ಬರೆಸಿದ ಮನೆ

ನನ್ನ ಹೆಂಡತಿಯ ಬಗ್ಗೆ ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ ಮಾತು: ಇಂಡಿ ಊರನ್ನು ನಮ್ಮ ಮನೆಯ ತನಕ ಎಳೆದು ತಂದವಳು ಅವಳು. ಕೇಳಿದವರು ನಗುತ್ತಾರೆ. ನಗಲಿ, ನನಗೇನು! ಅಂದು ಅವಳಿಲ್ಲದಿದ್ದರೆ ನನ್ನ ಶಾಣ್ಯಾತನ ಏಳು ಮನೆಗಳನ್ನು ಹಾಳು ಮಾಡುತ್ತಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ಊರು ಬೆಳೆದು ಹಳ್ಳದ ದಂಡೆಗೆ ಬಂದಿತ್ತು. ಹಳ್ಳದ ಆಚೆ, ಹೊಲಗಳ ನಡುವೆ ನಮ್ಮ ವಸ್ತಿ. ಇದ್ದದ್ದು ಏಳು ಮನೆ, ಏಳೂ ಅಣ್ಣತಮ್ಮಕಿಯವೇ, ಒಂದೇ ಮನೆತನದ ಕವಲುಗಳು. ಬಾವಿಯಲ್ಲಿ ನೀರೇನೋ ಇತ್ತು, ಆದರೆ ಸವಳು. ಆ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ. ಕುಡಿಯುವ ನೀರಿಗೆ ಹೆಂಗಸರು ಕೊಡ ಹೊತ್ತು ಹಳ್ಳ ದಾಟಿ ಊರಿನ ನಳಕ್ಕೆ ಹೋಗಬೇಕು. ಅಲ್ಲಿಯೂ ಊರವರು ತುಂಬಿಕೊಂಡ ಮೇಲೆಯೇ ಇವರ ಪಾಳಿ. ನನ್ನ ಹೆಂಡತಿ ಎಷ್ಟೋ ಸಲ ಅರ್ಧ ಕೊಡ ಹೊತ್ತು ಮರಳಿದ್ದಾಳೆ.

ಅಷ್ಟರಲ್ಲಿ ಪುರಸಭೆಯ ಗಡಿಯನ್ನು ಹಳ್ಳದ ಆಚೆಗೂ ಹಿಗ್ಗಿಸುತ್ತಾರೆ ಎಂಬ ಸುದ್ದಿ ಬಂತು. ಒಂದು ಮುಂಜಾನೆ ಮನೆ ಎಣಿಸುವವನೊಬ್ಬ ವಹಿ ಹಿಡಿದು ಬಂದ. ಹೆಂಗಸರೆಲ್ಲ ನೀರಿಗೆ ಹೋಗಿದ್ದರು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬಾಗಿಲು ದಾಟಿದರೆ ಮೊದಲು ಕಾಣುವುದು ದನ. ಮುಂದಿನ ಅಂಕಣದಲ್ಲಿ ಎತ್ತು, ಎಮ್ಮೆ. ಅದರ ಹಿಂದೆ ಎತ್ತರದ ಪಡಸಾಲೆಯಲ್ಲಿ ಜನ. ಅವನು ಹೊರಗೇ ನಿಂತು ಇಣುಕಿದ. ಕಂಡದ್ದು ಎತ್ತಿನ ಬಾಲ. ಇದು ಮನೆಯೋ ಕೊಟ್ಟಿಗೆಯೋ ಎಂದು ಕೇಳಿದ. ಮನೆ ಎಂದರೆ ಕರ ಬೀಳುತ್ತದೆ ಎಂದು ನನ್ನ ತಲೆ ಓಡಿತು. ಕೊಟ್ಟಿಗೆ ಎಂದು ಬರೆಸಿಬಿಟ್ಟೆ. ಉಳಿದ ಆರು ಮನೆಯ ಗಂಡಸರೂ ನನ್ನ ಹಾದಿಯನ್ನೇ ಹಿಡಿದರು. ಸಂಜೆ ಕಟ್ಟೆಯ ಮೇಲೆ ಕೂತು ಮೀಸೆ ತಿರುವಿದ್ದೇ ತಿರುವಿದ್ದು.

ಕೆಲವು ದಿನಗಳಲ್ಲಿ ಹೊಸ ಗಡಿಯ ನಕಾಶೆ ಪುರಸಭೆಯ ಗೋಡೆಗೆ ಬಂತು. ನೋಡಿದರೆ, ಗೆರೆ ಹಳ್ಳ ದಾಟಿ ಬಂದು, ನಮ್ಮ ವಸ್ತಿಯ ಹತ್ತಿರ ಸೊಟ್ಟಗಾಗಿ, ನಮ್ಮನ್ನು ಹೊರಗೆ ಬಿಟ್ಟು ಮುಂದೆ ಹೋಗಿತ್ತು. ವಿಚಾರಿಸಿದರೆ, ಅಲ್ಲಿ ಜನವಸತಿ ಇಲ್ಲವಲ್ಲ ಎಂದರು. ಗಡಿಯೊಳಗೆ ಬಂದ ಮನೆಗಳಿಗೆ ಮಾತ್ರ ನಳವಂತೆ. ತಕರಾರು ಅರ್ಜಿಗೆ ನಾಲ್ಕೇ ದಿನ ಉಳಿದಿತ್ತು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಹದಿನಾಲ್ಕು ವರ್ಷ ನೀರು ಹೊತ್ತೇನಿ. ನನ್ನ ಮನಿಗೆ ಕೊಟ್ಟಿಗಿ ಅನ್ನಾಕ ನಿಮಗ ಬಾಯಿ ಹೆಂಗ ಬಂತ್ರಿ?” ಎಂದಳು.

ಮರುದಿನ ಉಳಿದ ಆರೂ ಮನೆಯ ಹೆಂಗಸರನ್ನು ಕಟ್ಟಿಕೊಂಡು, ನನ್ನನ್ನು ಮುಂದೆ ಮಾಡಿಕೊಂಡು ಪುರಸಭೆಗೆ ನಡೆದಳು. ಸುಳ್ಳು ಬರೆಸಿದವನು ನಾನೇ ಎಂದು ಅಲ್ಲಿನ ಮುಖ್ಯಾಧಿಕಾರಿ ಸಾಹೇಬರ ಎದುರು ನನ್ನ ಬಾಯಿಂದಲೇ ಹೇಳಿಸಿದಳು. ಕಚೇರಿಯೆಲ್ಲ ನಕ್ಕಿತು; ಸಾಹೇಬರು ಮಾತ್ರ ನಗಲಿಲ್ಲ. ಅಂದು ಕೊಟ್ಟಿಗೆ ಎಂದವನು ಇಂದು ನಳದ ಆಸೆಗೆ ಮನೆ ಎನ್ನುತ್ತಿದ್ದಾನೆ, ನಂಬುವುದು ಹೇಗೆ ಎಂದರು. ತಾವೇ ಬಂದು ನೋಡುವುದಾಗಿ ಹೇಳಿ ಕಳಿಸಿದರು.

ಅವರು ಬರುವ ದಿನ ನಾನು ಎತ್ತುಗಳನ್ನು ಬಿಚ್ಚಿ ಹೊರಗೆ ಕಟ್ಟಲು ಹೋದೆ. ಅವಳು ಹಗ್ಗ ಕಸಿದುಕೊಂಡಳು.

“ಎಲ್ಲಿ ಅದಾವೋ ಅಲ್ಲೇ ಇರ್ಲಿ. ಇನ್ನೊಂದು ಸುಳ್ಳು ಬ್ಯಾಡ.”

ಸಾಹೇಬರು ಬಂದರು. ಬಾಗಿಲಲ್ಲೇ ಮುಖ ಸಿಂಡರಿಸಿದರು. ಸಗಣಿ ತಪ್ಪಿಸುತ್ತ, ಎತ್ತಿನ ಕೋಡು ತಪ್ಪಿಸುತ್ತ ಅಂಕಣ ದಾಟಿದರು. ಅವರು ಪಡಸಾಲೆಯ ಮೆಟ್ಟಿಲ ಹತ್ತಿರ ಬಂದು ಚಪ್ಪಲಿ ಕಳಚಿಟ್ಟು ಮೇಲೆ ಕಾಲಿಟ್ಟರು. ಅವಳು ನೀರಿನ ತಂಬಿಗೆ ಹಿಡಿದು ಅಲ್ಲೇ ನಿಂತಿದ್ದಳು.

“ಸಾಹೇಬ್ರ, ಕೊಟ್ಟಿಗ್ಯಾಗ ಯಾರರೆ ಚಪ್ಪಲಿ ಕಳೀತಾರೇನ್ರಿ?”

ಅವರು ತಮ್ಮ ಬರಿಗಾಲನ್ನು ನೋಡಿಕೊಂಡರು. ಆಮೇಲೆ ಜೋರಾಗಿ ನಕ್ಕು, ಅಲ್ಲೇ ಕೂತು, ವಹಿಯಲ್ಲಿ ಕೊಟ್ಟಿಗೆ ಎಂಬುದನ್ನು ಹೊಡೆದು ಮನೆ ಎಂದು ಬರೆದರು. ಉಳಿದ ಆರನ್ನೂ ನೋಡಿ ಬಂದು ಹಾಗೆಯೇ ತಿದ್ದಿದರು. ವಸ್ತಿ ಗಡಿಯೊಳಗೆ ಬರುತ್ತದೆ, ಮುಂದಿನ ಬೇಸಿಗೆಯೊಳಗೆ ನಳವೂ ಬರುತ್ತದೆ ಎಂದರು. ಬಂತು ಕೂಡ. ಅಂದು ಸಾಹೇಬರು ಹೋಗುವ ಮುಂಚೆ, ಈ ವಸ್ತಿಗೆ ಹಿರಿಯರು ಯಾರು, ಅರ್ಜಿಗೆ ಒಬ್ಬರ ಸಹಿ ಬೇಕು ಎಂದರು. ಏಳೂ ಮನೆಯ ಗಂಡಸರು ಅಲ್ಲೇ ಇದ್ದೆವು. ಒಬ್ಬರೂ ಮುಂದೆ ಬರಲಿಲ್ಲ. ಎಲ್ಲರೂ ಅವಳ ಕಡೆ ನೋಡಿದೆವು.