ಫೋನಿನ ಆ ತುದಿಯ ಅಕ್ಕ

ನಿವೃತ್ತಿಯಾದ ಮೇಲೆ ಟ್ರಂಕಕ್ಕ ಎಲ್ಲಿ ನೆಲೆಸಬೇಕು ಎಂಬುದನ್ನು ಅವಳೊಬ್ಬಳನ್ನು ಬಿಟ್ಟು ಉಳಿದವರೆಲ್ಲ ತೀರ್ಮಾನ ಮಾಡಿ ಮುಗಿಸಿದ್ದರು. ಮನೆ ಮಾಲೀಕರ ಹೆಂಡತಿ, "ಎಲ್ಲಿಗೂ ಹೋಗ್ಬೇಡಿ, ನಾವಿಲ್ವಾ?" ಎನ್ನುತ್ತಿದ್ದರು. ಈ ಪ್ರೀತಿ ತಿಂಗಳ ಮೊದಲ ವಾರದಲ್ಲಿ ಒಂದು ಹಿಡಿ ಹೆಚ್ಚೇ ಇರುತ್ತಿತ್ತು. ಜೊತೆಯಲ್ಲಿ ದುಡಿದ ಗೆಳತಿಯದು ಬೇರೆ ರಾಗ. ಊರಾಚೆ ವಯಸ್ಸಾದವರಿಗೆಂದೇ ಕಟ್ಟಿದ ಮನೆಗಳಿವೆ, ಅಲ್ಲಿ ಸೇರಿಕೋ ಎಂದು ಅವಳ ಹಟ.

"ಅಲ್ಲಿ ಡಾಕ್ಟರು ದಿನಾ ಬರ್ತಾರಂತೆ ಕಣೇ."

"ಡಾಕ್ಟರು ದಿನಾ ಬರೋ ಜಾಗಕ್ಕೆ ಆಸ್ಪತ್ರೆ ಅಂತಾರೆ," ಎಂದು ಟ್ರಂಕಕ್ಕ ಬಾಯಿ ಮುಚ್ಚಿಸಿದ್ದಳು.

ಟ್ರಂಕಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಫೋನಿನಲ್ಲಿ ದೂರದ ಊರಿಗೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದ ಕಾಲದಲ್ಲಿ ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಟ್ರಂಕ್ ಕಾಲು ಸತ್ತು ಎಷ್ಟೋ ವರ್ಷವಾಯಿತು. ಹೆಸರು ಮಾತ್ರ ಗಟ್ಟಿಯಾಗಿ ಉಳಿದುಕೊಂಡಿತ್ತು.

ಅವಳಿದ್ದದ್ದು ಎರಡನೇ ಮಹಡಿಯ ಮೇಲೆ, ತಗಡಿನ ಶೀಟು ಹೊದಿಸಿದ ಒಂದು ಕೋಣೆ, ಒಂದು ಅಡುಗೆಮನೆ. ಬೇಸಿಗೆ ಬಂತೆಂದರೆ ಬಾಣಲೆಯಲ್ಲಿ ಕೂತ ಹಾಗೆ. ಕಿಟಕಿಗೆ ಒದ್ದೆ ಟವೆಲ್ ಕಟ್ಟಿ, ನೆಲಕ್ಕೆ ನೀರು ಚಿಮುಕಿಸಿ, ಮಧ್ಯಾಹ್ನವನ್ನು ಹೇಗೋ ದಾಟಿಸುತ್ತಿದ್ದಳು. ಬಾಡಿಗೆ ವರ್ಷವರ್ಷವೂ ಕುದುರೆಯಂತೆ ಓಡುತ್ತಿತ್ತು, ಪಿಂಚಣಿ ಅದರ ಹಿಂದೆ ಕುಂಟುತ್ತಿತ್ತು. ತಂಗಿ ಇದ್ದದ್ದು ಬೆಟ್ಟದ ಮೇಲಿನ ಊರಿನಲ್ಲಿ. ಚಪ್ಪಲಿ ಅಂಗಡಿಯ ಮೇಲೆ ಸ್ವಂತ ಮನೆ. ಬಾಡಿಗೆಯ ಮಾತಿಲ್ಲ, ತರಕಾರಿ ಅಗ್ಗ, ವರ್ಷವಿಡೀ ಫ್ಯಾನಿನ ಹಂಗಿಲ್ಲ. ಆದರೆ ಚಳಿ. ಟ್ರಂಕಕ್ಕನ ಮಂಡಿಗೂ ಚಳಿಗೂ ಎಣ್ಣೆ ಸೀಗೇಕಾಯಿ ಸಂಬಂಧ. ತಂಗಿಗೋ ಸೆಕೆಯೆಂದರೆ ಆಗದು, ಆದ್ದರಿಂದ ಅವಳನ್ನು ಇಲ್ಲಿಗೆ ಕರೆಸಿಕೊಳ್ಳುವ ಮಾತೇ ಇರಲಿಲ್ಲ.

ಹೀಗೆ ಬಾಡಿಗೆ, ಬಿಸಿಲು, ಮಂಡಿ ಎಂದು ಅವಳು ಅಳೆದೂ ಸುರಿದೂ ನೋಡುತ್ತಿದ್ದಳು. ಅದೆಲ್ಲ ಕೇಳಿದವರಿಗೆ ಹೇಳುವ ಲೆಕ್ಕ. ಒಳಗಿನ ಮಾತು ಒಂದೇ ಇತ್ತು. ಅವಳಿಗೆ ತಂಗಿ ಬೇಕಾಗಿದ್ದಳು. ಉಳಿದ ಆಯುಷ್ಯವನ್ನು ತಂಗಿಯ ಜೊತೆ ಒಂದು ಸೂರಿನ ಕೆಳಗೆ ಕಳೆಯಬೇಕು, ಅಷ್ಟೇ.

ಚಿಕ್ಕಂದಿನಲ್ಲಿ ಇಬ್ಬರಿಗೂ ಒಂದೇ ರಗ್ಗು. ಅವ್ವ ಬೇಗ ಹೋದಳು, ಅಪ್ಪ ಇದ್ದೂ ಇಲ್ಲದ ಹಾಗೆ. ತಂಗಿಗೆ ಜಡೆ ಹಾಕಿ, ಶಾಲೆಗೆ ಕಳಿಸಿ, ಜ್ವರ ಬಂದಾಗ ಎದೆಗೆ ಒರಗಿಸಿಕೊಂಡು ಕೂತವಳು ಅಕ್ಕನೇ. ಆಗ ಕರೆದ 'ಪಾಪು' ಎಂಬ ಹೆಸರು ತಂಗಿಯ ತಲೆ ನೆರೆತ ಮೇಲೂ ಹೋಗಲಿಲ್ಲ. ಎಕ್ಸ್‌ಚೇಂಜಿನಲ್ಲಿ ಕೆಲಸ ಸಿಕ್ಕಿದ ಮೇಲೆ ಅಕ್ಕ ತಾನೇ ನಿಂತು ಪಾಪುವಿನ ಮದುವೆ ಮಾಡಿದಳು. ತಂಗಿಯ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ತಂಗಿ ಬೆಟ್ಟದೂರಿಗೆ ಹೊರಟುಹೋದ ರಾತ್ರಿ ರಗ್ಗು ಅಷ್ಟು ದೊಡ್ಡದಿದೆ ಎಂದು ಅಕ್ಕನಿಗೆ ಮೊದಲ ಸಲ ಗೊತ್ತಾಯಿತು. ತನ್ನ ಮದುವೆಯ ಬಗ್ಗೆ ಯೋಚಿಸುವಷ್ಟರಲ್ಲಿ ಹೊತ್ತು ಮೀರಿತ್ತು.

ಇನ್ನು ಆ ಎಕ್ಸ್‌ಚೇಂಜು. ಉದ್ದನೆಯ ಹಾಲು, ಗೋಡೆಗೆ ಸಾಲಾಗಿ ಬೋರ್ಡುಗಳು, ಬೋರ್ಡಿನ ತುಂಬ ತೂತುಗಳು. ಎತ್ತರದ ಸ್ಟೂಲುಗಳ ಮೇಲೆ ಹೆಂಗಸರು ಭುಜಕ್ಕೆ ಭುಜ ತಾಗಿಸಿಕೊಂಡು ಕೂತು, ಒಂದು ತೂತಿನ ವೈರು ಕಿತ್ತು ಇನ್ನೊಂದಕ್ಕೆ ಸಿಕ್ಕಿಸುತ್ತಿದ್ದರು. ಅಲ್ಲಿ ಹೆಸರಿಗಿಂತ ಸೀಟಿನ ನಂಬರೇ ಹೆಚ್ಚು ಬಳಕೆ. ಇವಳು ಆರನೇ ಸೀಟು, ಮುಂದೆ ಡಾಕ್ಟರ ಜಾಗಕ್ಕೆ ಸೇರಿಸಲು ಹೊರಟ ಗೆಳತಿ ಏಳನೇ ಸೀಟು. ಕಟ್ಟುನಿಟ್ಟಾದ ನಿಯಮ ಒಂದಿತ್ತು. ಪಕ್ಕದವಳ ಜೊತೆ ಮಾತಾಡುವಂತಿಲ್ಲ. ಬೆನ್ನ ಹಿಂದೆ ಮೇಲ್ವಿಚಾರಕಿ ಸದ್ದಿಲ್ಲದ ಚಪ್ಪಲಿ ಹಾಕಿಕೊಂಡು ಬೆಕ್ಕಿನಂತೆ ಓಡಾಡುತ್ತಿದ್ದಳು. ತುಟಿ ಪಿಟಿಕ್ ಅಂದರೆ ಸಂಬಳಕ್ಕೆ ಕತ್ತರಿ. ಕಾಣದ ಊರಿನ ಕಾಣದ ಮನುಷ್ಯನಿಗೆ ಮಾತ್ರ ಜೇನು ಸುರಿದ ಹಾಗೆ, "ದಯವಿಟ್ಟು ಲೈನಿನಲ್ಲೇ ಇರಿ," ಎನ್ನಬೇಕು. ಹತ್ತಿರದವರಿಗೆ ಬೀಗ, ದೂರದವರಿಗೆ ಬೆಲ್ಲ. ಒಂದು ಆಯುಷ್ಯಪೂರ್ತಿ ಹೀಗೆ ದುಡಿದ ನಾಲಿಗೆ ಬೇರೆ ಏನು ಕಲಿತೀತು ಹೇಳಿ.

ಬೋರ್ಡು ಬಿಡುವಾಗಿದ್ದಾಗ ಅವಳು ಬೆಟ್ಟದೂರಿನ ಆಪರೇಟರನ್ನು ಹಿಡಿದು ಚಪ್ಪಲಿ ಅಂಗಡಿಗೆ ಲೈನು ಹಾಕಿಸಿಕೊಳ್ಳುತ್ತಿದ್ದಳು. ಅಂಗಡಿಯವನು ರಿಸೀವರ್ ಮೇಜಿನ ಮೇಲಿಟ್ಟು, "ನಿಮ್ಮಕ್ಕನ ಫೋನು!" ಎಂದು ಮೇಲಕ್ಕೆ ಕೂಗುವನು. ಆಮೇಲೆ ಮರದ ಮೆಟ್ಟಿಲ ಮೇಲೆ ದಡದಡನೆ ಇಳಿಯುವ ಕಾಲುಗಳ ಸದ್ದು. ಆ ಸದ್ದು ಕೇಳುವುದಕ್ಕಾಗಿಯೇ ಎಷ್ಟೋ ದಿನ ಅವಳು ಕೆಲಸಕ್ಕೆ ಹೋಗುತ್ತಿದ್ದಳು ಎಂದರೆ ಸುಳ್ಳಲ್ಲ.

ಆ ಲೈನಿನಲ್ಲಿ ಅಕ್ಕತಂಗಿಯರು ಆಡದ ಮಾತಿಲ್ಲ. ಗಂಡ ಮುನಿಸಿಕೊಂಡದ್ದು, ಮಗಳು ಹುಟ್ಟುವಾಗ ಪಟ್ಟ ಭಯ, ಆ ಮಗಳು ದೊಡ್ಡವಳಾಗಿ ಗಂಡನ ಜೊತೆ ದೂರ ಹೋದ ಮೇಲೆ ಮನೆ ಹಿಡಿದ ಮೌನ, ಎಲ್ಲವನ್ನೂ ಪಾಪು ಹೇಳಿದಳು. ಲೈನ್‌ಮನ್ ಒಬ್ಬ ಸುಮ್ಮಸುಮ್ಮನೆ ಬೋರ್ಡು ರಿಪೇರಿಗೆ ಬರುತ್ತಿದ್ದ, ತನಗೂ ಅವನು ಬಂದರೆ ಹಿತವೆನಿಸುತ್ತಿತ್ತು, ಎದುರಿಗೆ ಬಾಯಿಬಿಟ್ಟು ತಾನು ಒಂದು ಮಾತು ಆಡುವ ಮೊದಲೇ ಅವನು ಬೇರೆ ಊರಿಗೆ ವರ್ಗವಾದ ಎಂಬುದನ್ನು ಅಕ್ಕ ಹೇಳಿದ್ದು ಜಗತ್ತಿನಲ್ಲಿ ಪಾಪುವಿಗೊಬ್ಬಳಿಗೇ. ಮುಂದೆ ಮನೆಗೆ ಫೋನು ಬಂತು, ಕೈಗೆ ಮೊಬೈಲು ಬಂತು, ಮಾತು ದಿನದ ಊಟದಂತಾಯಿತು. ಭೇಟಿ ಮಾತ್ರ ಅಪರೂಪ. ಮದುವೆಯೋ ಸಾವೋ ಆದಾಗ ಒಂದೆರಡು ದಿನ, ಅದೂ ಮನೆ ತುಂಬ ಜನರ ನಡುವೆ. ತಂಗಿಯ ಗಂಡ ತೀರಿಕೊಂಡಾಗಲೂ ಹಾಗೇ ಆಯಿತು. ಅದಾದ ಮೇಲೆ ಪಾಪು ಬಿಡದೆ ಕರೆಯತೊಡಗಿದಳು. "ಇನ್ಯಾಕೆ ನೀನಲ್ಲಿ, ನಾನಿಲ್ಲಿ? ಬಂದ್ಬಿಡು ಅಕ್ಕಾ."

ಕೊನೆಗೆ ಟ್ರಂಕಕ್ಕ ಹೊರಟಳು. ಒಂದು ತಿಂಗಳು ಇದ್ದು ನೋಡುವುದು, ಒಗ್ಗಿದರೆ ಇಲ್ಲಿನ ಕೋಣೆ ಬಿಟ್ಟುಕೊಡುವುದು ಎಂದು ಮಾತಾಯಿತು. ಕೋಣೆಗೆ ಆಗಲೇ ಬೇರೆಯವರು ಬಾಯಿ ಬಿಟ್ಟುಕೊಂಡು ಕೂತಿದ್ದರು, ಆದ್ದರಿಂದ ತಿಂಗಳ ಕೊನೆಯೊಳಗೆ ಹೂಂ ಅಥವಾ ಊಹೂಂ ಹೇಳಲೇಬೇಕಿತ್ತು. ಬಿಟ್ಟರೆ ಮತ್ತೆ ಆ ಬಾಡಿಗೆಗೆ ಕೋಣೆ ಸಿಗುವುದು ಕನಸಿನ ಮಾತು.

"ದೂರದ ಬೆಟ್ಟ ನುಣ್ಣಗೆ ಕಣೇ," ಎಂದಳು ಏಳನೇ ಸೀಟು.

"ನಾನೇನು ಬೆಟ್ಟ ನೋಡೋಕೆ ಹೋಗ್ತಿದ್ದೀನಾ?"

ಬೆಟ್ಟದೂರು ಸೇರಿದ ಮೊದಲ ದಿನ ಪ್ರಯಾಣದ ದಣಿವು ಎಂದುಕೊಂಡರು. ಎರಡನೇ ದಿನ ಚಳಿ ಎಂದುಕೊಂಡರು. ವಾರ ಕಳೆಯುವಷ್ಟರಲ್ಲಿ ನೆಪಗಳು ಮುಗಿದವು. ಅಕ್ಕತಂಗಿಯರ ನಡುವೆ ಮಾತೇ ಹುಟ್ಟುತ್ತಿರಲಿಲ್ಲ.

"ಟೀ ಕುಡೀತೀಯಾ?"

"ಹೂಂ."

"ಸಕ್ಕರೆ?"

"ಸಾಕು."

ಹೆಣ್ಣು ನೋಡಲು ಬಂದ ಬೀಗರ ನಡುವೆಯೂ ಇದಕ್ಕಿಂತ ಹೆಚ್ಚು ಮಾತು ನಡೆಯುತ್ತದೆ. ಪಾಪು ಕಿಟಕಿ ತೆಗೆಯುವಳು, ಅಕ್ಕ ಏನೂ ಅನ್ನದೆ ಎದ್ದು ಮುಚ್ಚುವಳು. ಅಕ್ಕ ಮುಚ್ಚಿದ್ದನ್ನು ಪಾಪು ಏನೂ ಅನ್ನದೆ ಅರ್ಧ ತೆಗೆಯುವಳು. ಜಗಳವಾದರೂ ಆಗಿದ್ದರೆ ನಾಲ್ಕು ಮಾತು ಉದುರುತ್ತಿದ್ದವು. ಅದಕ್ಕೂ ಬರಗಾಲ. ಏನಾದರೂ ಹೇಳಬೇಕೆಂದು ಅಕ್ಕ ತಲೆ ಎತ್ತಿದರೆ ಎದುರಿಗೆ ಒಂದು ಮುಖ ಇರುತ್ತಿತ್ತು. ಕೆನ್ನೆ ಜೋತ, ಕಣ್ಣಿನ ಕೆಳಗೆ ಕಪ್ಪಾದ, ತನ್ನನ್ನೇ ನೋಡುತ್ತಿದ್ದ ಮುಖ. ಅದನ್ನು ನೋಡಿದ ಕೂಡಲೇ ಮಾತು ಗಂಟಲಲ್ಲೇ ಕೂತುಬಿಡುತ್ತಿತ್ತು, ಬೆನ್ನ ಹಿಂದೆ ಮೇಲ್ವಿಚಾರಕಿ ನಿಂತಿದ್ದಾಳೇನೋ ಎಂಬಂತೆ. ಪಾಪುವೂ ಪಾತ್ರೆ ತೊಳೆದು ಹಿಂಬಾಗಿಲ ಮೆಟ್ಟಿಲ ಮೇಲೆ ಹೋಗಿ ಒಬ್ಬಳೇ ಕೂರುತ್ತಿದ್ದಳು. ನಾನು ಬಂದದ್ದು ಇವಳಿಗೆ ಭಾರವಾಯಿತು ಎಂದು ಅಕ್ಕ ಒಳಗೊಳಗೇ ನೊಂದುಕೊಂಡಳು. ಸಂಜೆಯಾದರೆ ಕೈ ತಾನಾಗಿ ಮೊಬೈಲಿನ ಕಡೆ ಹೋಗುತ್ತಿತ್ತು. ಕೈಯಳತೆಯಲ್ಲಿ ತಂಗಿ ಕೂತಿರುವಾಗ ಅವಳಿಗೆ ತಂಗಿಯ ನೆನಪು ಕಿತ್ತು ತಿನ್ನುತ್ತಿತ್ತು. ಇಂಥ ಸಂಕಟವನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಹೇಳಿಕೊಳ್ಳಲು ಇದ್ದವಳು ಪಾಪು ಒಬ್ಬಳೇ.

ತಿಂಗಳು ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಮಂಡಿಗೆ ಮುಲಾಮು ತರಲು ಅಕ್ಕ ಇಳಿಜಾರಿನ ಬೀದಿಯ ಕೆಳಗಿದ್ದ ಔಷಧಿ ಅಂಗಡಿಗೆ ಹೋದಳು. ತಂಗಿಯೂ ಬೆನ್ನುನೋವಿಗೆ ಒಂದು ಹಚ್ಚಿಕೊಳ್ಳುತ್ತಿದ್ದಳು, ಅದನ್ನೂ ತಂದರಾಯಿತು ಎನ್ನಿಸಿತು. ಹೆಸರು ಗೊತ್ತಿರಲಿಲ್ಲ. ಬಂದಮೇಲೆ ಮೊದಲ ಸಲ ಪಾಪುವಿಗೆ ಫೋನು ಮಾಡಿದಳು.

"ಪಾಪೂ, ನಿನ್ನ ಮುಲಾಮಿನ ಹೆಸರೇನೇ?"

ಆ ಕಡೆಯಿಂದ ಮಾತು ಉಕ್ಕಿ ಬಂತು.

"ಅಕ್ಕಾ! ಎಷ್ಟು ದಿನ ಆಯ್ತೇ ನಿನ್ನ ಫೋನು ಬಂದು!"

ಆ ಧ್ವನಿ ಕೇಳಿ ಟ್ರಂಕಕ್ಕನ ಮೈ ಜುಮ್ಮೆಂದಿತು. ಅವಳ ತಂಗಿ ಸಿಕ್ಕಿದ್ದಳು. ಮುಲಾಮು ಮರೆತೇ ಹೋಯಿತು. ಅಂಗಡಿಯ ಮುಂದಿನ ಕಲ್ಲುಕಟ್ಟೆಯ ಮೇಲೆ ಕೂತಳು. ಅಲ್ಲಿಂದ ಮೇಲಕ್ಕೆ ನೋಡಿದರೆ ಮನೆಯ ಬಾಲ್ಕನಿ ನೇರ ಕಾಣುತ್ತಿತ್ತು. ಪಾಪು ಫೋನು ಕಿವಿಗಿಟ್ಟುಕೊಂಡು ಹೊರಗೆ ಬಂದಳು, ಬೀದಿಯತ್ತ ಕಣ್ಣು ಹಾಯಿಸಿದಳು, ಅಕ್ಕನನ್ನು ಕಂಡಳು. ಕಂಡವಳು ಕೈ ಬೀಸಲಿಲ್ಲ, ನಗಲಿಲ್ಲ. ಮೆಲ್ಲಗೆ ಬೆನ್ನು ತಿರುಗಿಸಿ ಗೋಡೆಯ ಕಡೆ ಮುಖ ಮಾಡಿ ಮಾತು ಮುಂದುವರಿಸಿದಳು.

"ನಮ್ಮನೇಲಿ ಒಬ್ಳು ಬಂದು ಕೂತಿದ್ದಾಳೆ ಅಕ್ಕಾ. ಮೂರು ಹೊತ್ತೂ ಬಾಯಿಗೆ ಬೀಗ. ಕಿಟಕಿ ತೆಗೆದ್ರೆ ಮುಚ್ತಾಳೆ."

ಟ್ರಂಕಕ್ಕನಿಗೆ ನಗು ಬಂತು. ಅವಳೂ ಬಾಲ್ಕನಿಗೆ ಬೆನ್ನು ಮಾಡಿ ಕೂತಳು.

"ಪಾಪ, ಮಂಡಿ ನೋವಿರ್ಬೇಕು ಕಣೇ ಅವಳಿಗೆ."

"ಇರ್ಲಿ, ಬಾಯಿಗೇನಾಗಿದೆ? ನಾನು ಬೇಡವಾಗಿದ್ದೀನಿ ಅನ್ಸುತ್ತೆ ಅವಳಿಗೆ."

"ಬೇಡವಾಗಿದ್ರೆ ಅಷ್ಟು ದೂರದಿಂದ ಗಂಟುಮೂಟೆ ಕಟ್ಕೊಂಡು ಬರ್ತಿದ್ಳಾ? ಅವಳಿಗೆ ನೀನಂದ್ರೆ ಜೀವ. ಹೇಳೋಕೆ ಬರಲ್ಲ, ಅಷ್ಟೇ. ಮೊದ್ಲಿಂದ್ಲೂ ಹಾಗೇ ಅವಳು."

ಪಾಪು ಮೂಗೆಳೆದುಕೊಂಡಳು. "ಅವಳು ಬಸ್ಸಿಳಿದಾಗ ನಂಗೆ ಗುರುತೇ ಸಿಗ್ಲಿಲ್ಲ ಅಕ್ಕಾ. ಬೆನ್ನು ಬಾಗಿದೆ. ಕೈಯೆಲ್ಲ ನರ. ಅಡುಗೆಮನೇಲಿ ನಲ್ಲಿ ಬಿಟ್ಕೊಂಡು ಅತ್ತೆ. ಅವಳ ಮುಖ ನೋಡಿದ್ರೆ ಹೆದ್ರಿಕೆ ಆಗುತ್ತೆ, ಇನ್ನೆಷ್ಟು ದಿನ ಇರ್ತಾಳೋ ಅಂತ. ನಿನ್ನ ಧ್ವನಿಗಾದ್ರೆ ವಯಸ್ಸೇ ಆಗಿಲ್ಲ ನೋಡು. ನನ್ನ ಮದುವೆ ಆದಾಗ ಹೇಗಿತ್ತೋ ಹಾಗೇ ಇದೆ."

ತಾನೂ ತಂಗಿಯ ಜೋತ ಕೆನ್ನೆ ಕಂಡು ಹೆದರಿಯೇ ಬಾಯಿ ಮುಚ್ಚಿಕೊಂಡದ್ದು ಎಂಬುದು ಟ್ರಂಕಕ್ಕನಿಗೆ ಈಗ ತಿಳಿಯಿತು. ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

"ಅಕ್ಕಾ, ಲೈನಿನಲ್ಲಿದ್ದೀಯಾ?"

"ಇದ್ದೀನಿ ಪಾಪು."

"ನೀನು ಯಾವಾಗ ಬರ್ತೀಯೇ?"

ಬೀದಿಯಲ್ಲಿ ಹಾಲಿನ ಗಾಡಿಯೊಂದು ಏದುಸಿರು ಬಿಡುತ್ತ ಏರು ಹತ್ತಿತು. ಟ್ರಂಕಕ್ಕ ತಿರುಗಿ, ಅದು ಮನೆ ದಾಟುವ ತನಕ ನೋಡಿದಳು. ಬಾಡಿಗೆ, ಬಿಸಿಲು, ಮಂಡಿ ಯಾವುದೂ ತಲೆಯಲ್ಲಿ ಇರಲಿಲ್ಲ. ಚಿಕ್ಕಂದಿನಿಂದ ಬಯಸಿದ್ದ ಒಂದೇ ಒಂದು ವಸ್ತು ಆ ಬಾಲ್ಕನಿಯಲ್ಲಿ ಬೆನ್ನು ತಿರುಗಿಸಿ ನಿಂತಿತ್ತು.

"ನಾನು ಬರಲ್ಲ ಕಣೇ," ಎಂದಳು. "ನಾನೂ ಬಂದು ಅಲ್ಲಿ ಕೂತ್ಬಿಟ್ರೆ ಇದನ್ನೆಲ್ಲ ನೀನು ಯಾರಿಗೆ ಹೇಳ್ತೀಯಾ?"

"ಹಾಗಾದ್ರೆ ಇವಳು?"

"ಅವಳನ್ನ ಬಸ್ಸು ಹತ್ಸು."

"ಕಳ್ಸೋಕೆ ಮನಸ್ಸಿಲ್ಲ ಅಕ್ಕಾ ನಂಗೆ."

"ಅವಳಿಗೂ ಹೋಗೋಕೆ ಮನಸ್ಸಿಲ್ಲ ಪಾಪು. ಆದ್ರೂ ಕಳ್ಸು."

ಎರಡು ಮುಲಾಮು ಕೊಂಡು, ನಾಲ್ಕು ಕಡೆ ನಿಂತು ಸುಧಾರಿಸಿಕೊಂಡು ಅವಳು ಏರು ಹತ್ತಿದಳು. ಬಾಗಿಲು ತೆರೆದೇ ಇತ್ತು. ಪಾಪು ಸ್ಟೂಲು ಹಾಕಿ ಅಟ್ಟದ ಮೇಲಿನ ಸೂಟ್‌ಕೇಸು ಇಳಿಸಿಕೊಂಡು, ನೆಲದ ಮೇಲೆ ಕೂತು, ಹಳೇ ಬಟ್ಟೆಯಿಂದ ಅದರ ಧೂಳು ಒರೆಸುತ್ತಿದ್ದಳು. ಅಕ್ಕ ಹೋಗಿ ಪಕ್ಕದಲ್ಲಿ ಕೂತು ತನ್ನ ಬಟ್ಟೆ ಒಂದೊಂದಾಗಿ ಮಡಿಸತೊಡಗಿದಳು. ಭುಜಕ್ಕೆ ಭುಜ ತಾಗುತ್ತಿತ್ತು. ಆರನೇ ಸೀಟಿಗೆ ಏಳನೇ ಸೀಟು ತಾಗುತ್ತಿದ್ದ ಹಾಗೆ.